ಪರಸ್ಥಳದ ಲಗ್ನದಲ್ಲಿ ಪುರೋಹಿತನ ಸ್ಥಾನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಎರಡೂ ಹಣದ ಕೆಲಸಗಳು. ಎರಡೂ ಹತ್ತು ಜನರ ಕೈ ಕೂಡಿ ಆಗಬೇಕಾದ ಕೆಲಸಗಳು. ಆದರೆ ಒಂದು ಭೇದವುಂಟು. ಮನೆ ಕಟ್ಟಿಸುವಾಗ ಗೌಂಡಿಯು ಎಂಥವನೆಂದು ನಾಲ್ಕು ಕಡೆ ಕೇಳಿ ತಿಳಿಯುವ ನಾವು, ಮದುವೆ ಮಾಡಿಸುವ ಪುರೋಹಿತನು ಎಂಥವನೆಂದು ಕೇಳುವುದು ಅಪರೂಪ. ಮುಹೂರ್ತಕ್ಕೆ ಸರಿಯಾಗಿ ಬಂದನೆ, ದಕ್ಷಿಣೆಗೆ ತಕರಾರು ಮಾಡದೆ ಹೋದನೆ ಎಂಬಷ್ಟರಲ್ಲಿ ನಮ್ಮ ವಿಚಾರವು ಮುಗಿಯುತ್ತದೆ. ಸ್ವಂತ ಊರಿನಲ್ಲಿ, ಸ್ವಂತ ಹಂದರದಲ್ಲಿ ನಡೆಯುವ ಲಗ್ನಕ್ಕೆ ಇಷ್ಟು ಸಾಕಾಗಿದ್ದಿತು. ಈಚಿನ ದಿನಗಳಲ್ಲಿಯಾದರೋ ನಮ್ಮ ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಗೋವೆಯ ಕಡಲದಂಡೆಗೆ, ಗೋಕರ್ಣಕ್ಕೆ, ದಾಂಡೇಲಿಯ ಕಾಡಿಗೆ, ಹಂಪೆಯ ಬಯಲಿಗೆ ಹೋಗಿ ಲಗ್ನ ಮಾಡುವ ರೂಢಿಯು ಬೆಳೆಯುತ್ತಿದೆ. ಇಂಥ ಪರಸ್ಥಳದ ಲಗ್ನದಲ್ಲಿ ಪುರೋಹಿತನ ಹೊಣೆಯು ಏನು, ಅದು ಊರ ಲಗ್ನದ ಹೊಣೆಗಿಂತ ಹೇಗೆ ಹೆಚ್ಚಿನದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಪುರೋಹಿತನೆಂದರೆ ಮಂತ್ರ ಹೇಳುವ ಆಚಾರ್ಯರು ಮಾತ್ರವಲ್ಲ. ಲಿಂಗಾಯತರ ಅಯ್ಯನವರು, ಜೈನರ ಉಪಾಧ್ಯರು, ಮುಸಲ್ಮಾನರ ಖಾಜಿ, ಕ್ರೈಸ್ತರ ಪಾದ್ರಿ, ಸರಕಾರದ ವಿವಾಹಾಧಿಕಾರಿ, ಎಲ್ಲರೂ ಈ ಮಾತಿನಲ್ಲಿ ಅಡಕವಾಗಿದ್ದಾರೆ.

ಮೊದಲು ಊರ ಲಗ್ನವನ್ನು ನೋಡೋಣ. ನಮ್ಮ ಕಡೆಯ ಹಳ್ಳಿಯಲ್ಲಿ ಲಗ್ನವೆಂಬುದು ಒಂದು ಗಳಿಗೆಯ ಕೆಲಸವಲ್ಲ. ಹಂದರ ಹಾಕುವುದು, ಹಾಲಗಂಬ ನೆಡುವುದು, ಅರಿಷಿಣ ಹಚ್ಚುವುದು, ಸುರಗಿ ಸುತ್ತಿ ನೀರೆರೆಯುವುದು, ಬಾಸಿಂಗ ಕಟ್ಟುವುದು, ಅಕ್ಕಿಕಾಳು ಹಾಕುವುದು, ಆಯೇರಿ ಮಾಡುವುದು, ಇವೆಲ್ಲ ಒಬ್ಬೊಬ್ಬರ ಕೈಯಿಂದ ಆಗುವ ಕೆಲಸಗಳು. ಇವುಗಳಲ್ಲಿ ಪುರೋಹಿತನ ಕೈಗೆ ಬರುವುದು ಸ್ವಲ್ಪ ಭಾಗ ಮಾತ್ರ. ಉಳಿದುದನ್ನು ಮುತ್ತೈದೆಯರು, ಸೋದರಮಾವ, ಓಣಿಯ ಹಿರಿಯರು ನಡೆಸಿಕೊಡುತ್ತಾರೆ. ಹೀಗೆ ನೆರೆದ ಜನರಿಗೆ ನಮ್ಮ ಕಡೆಯ ಮಾತಿನಲ್ಲಿ "ದೈವ" ಎಂದೇ ಹೆಸರು. ಹತ್ತು ಮಂದಿ ಕೂಡಿದಲ್ಲಿ ದೈವವಿದೆ ಎಂಬ ಭಾವನೆಯು ಎಷ್ಟು ಅರ್ಥಪೂರ್ಣವಾದುದು! ಹುಡುಗನಿಗೆ ಮೊದಲೊಂದು ಲಗ್ನವಾಗಿದೆಯೆ, ಹುಡುಗಿಗೆ ವಯಸ್ಸು ತುಂಬಿದೆಯೆ, ಅವಳಿಗೆ ಈ ಸಂಬಂಧವು ಮನಸ್ಸಿಗೆ ಬಂದಿದೆಯೆ ಎಂಬುದೆಲ್ಲವೂ ಈ ದೈವಕ್ಕೆ ಗೊತ್ತಿರುತ್ತದೆ. ಮುಂದೆ ಎಂದಾದರೂ "ಇವರ ಲಗ್ನ ಆದದ್ದು ಹೌದೆ?" ಎಂಬ ಪ್ರಶ್ನೆ ಎದ್ದರೆ ಇಡಿಯ ಊರೇ ಸಾಕ್ಷಿಯಾಗಿ ನಿಲ್ಲುತ್ತದೆ. ಆದುದರಿಂದ ಊರ ಪುರೋಹಿತನು ಏನನ್ನೂ ಕೇಳದೆ, ಯಾರಿಗೂ ಏನನ್ನೂ ಬಿಡಿಸಿ ಹೇಳದೆ ಮಂತ್ರವನ್ನಷ್ಟೇ ಹೇಳಿ ಹೋದರೂ ನಡೆಯುತ್ತಿದ್ದಿತು. ಅವನ ಕೊರತೆಯನ್ನು ಊರು ತುಂಬುತ್ತಿದ್ದಿತು. ಆ ತುಂಬುವಿಕೆಯಲ್ಲಿ ತಪ್ಪುಗಳೇ ಇರಲಿಲ್ಲವೆಂದಲ್ಲ; ಎಳೆಯ ಮಕ್ಕಳ ಮದುವೆಗೂ ಇದೇ ದೈವವು ಅಕ್ಕಿಕಾಳು ಹಾಕಿದ್ದುಂಟು. ಆದರೂ ಸಾಕ್ಷಿಗೆ ಮಾತ್ರ ಕೊರತೆಯಿರಲಿಲ್ಲ.

ಇನ್ನು, ಮದುವೆಯನ್ನು ನಿಜವಾಗಿ ಮಾಡುವವರು ಯಾರು? ಪುರೋಹಿತನು ಮಾಡುತ್ತಾನೆಂದು ನಾವು ತಿಳಿದಿದ್ದೇವೆ. ಶಾಸ್ತ್ರವಾಗಲಿ ಕಾಯಿದೆಯಾಗಲಿ ಹಾಗೆ ಹೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮಿನಂತೆ, ವಧೂವರರಲ್ಲಿ ಯಾವುದಾದರೂ ಒಂದು ಪಕ್ಷದ ರೂಢಿಯ ವಿಧಿಗಳಿಂದ ಲಗ್ನವು ನಡೆಯಬೇಕು. ಆ ರೂಢಿಯಲ್ಲಿ ಸಪ್ತಪದಿಯಿದ್ದರೆ ಏಳನೆಯ ಹೆಜ್ಜೆ ಇಟ್ಟೊಡನೆ ಲಗ್ನವು ಪೂರ್ಣವಾಗುತ್ತದೆ. ಆ ಹೆಜ್ಜೆಗಳನ್ನು ಇಡುವವರು ವಧೂವರರೇ ಹೊರತು ಪುರೋಹಿತನಲ್ಲ. ಮುಸಲ್ಮಾನರ ನಿಕಾಹದಲ್ಲಿ ಒಂದು ಪಕ್ಷದ ಪ್ರಸ್ತಾಪ, ಇನ್ನೊಂದು ಪಕ್ಷದ ಒಪ್ಪಿಗೆ, ಸಾಕ್ಷಿಗಳು, ಮೆಹರ್, ಇವು ಮುಖ್ಯ. ಖಾಜಿಯ ಹಾಜರಿಯು ಅನಿವಾರ್ಯವಲ್ಲವೆಂದು 1880ರ ಖಾಜಿಗಳ ಕಾಯಿದೆಯೇ ತಿಳಿಸುತ್ತದೆ. ರೋಮಿನ ಕ್ರೈಸ್ತ ಸಂಪ್ರದಾಯದಲ್ಲಿಯೂ ವಿವಾಹದ ಸಂಸ್ಕಾರವನ್ನು ಒಬ್ಬರಿಗೊಬ್ಬರು ನೀಡುವವರು ವಧೂವರರೇ ಎಂದೂ, ಪಾದ್ರಿಯು ಧರ್ಮಸಭೆಯ ಪರವಾಗಿ ನಿಂತ ಸಾಕ್ಷಿಯೆಂದೂ ಭಾವಿಸುತ್ತಾರೆ. 1954ರ ವಿಶೇಷ ವಿವಾಹ ಕಾಯಿದೆಯಂತೂ ಇನ್ನೂ ಸ್ಪಷ್ಟ. ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರಿಗೆ, ತಮಗೆ ತಿಳಿಯುವ ಭಾಷೆಯಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ಸ್ವೀಕರಿಸುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮದುವೆಯಿಲ್ಲ.

ಹಾಗಾದರೆ ಪುರೋಹಿತನ ಕೆಲಸವೇನು? ಸೂಕ್ಷ್ಮವಾಗಿ ನೋಡಿದರೆ ಅದು ಮೂರು ಬಗೆಯದು. ಕೇಳುವುದು, ತಿಳಿಸುವುದು, ನೆನಪಿನಲ್ಲಿಡುವುದು. ಈ ಲಗ್ನಕ್ಕೆ ಅಡ್ಡಿಯುಂಟೆ, ಇಬ್ಬರ ಒಪ್ಪಿಗೆಯುಂಟೆ ಎಂದು ಕೇಳಬೇಕು. ಮಾಡುತ್ತಿರುವ ಕ್ರಿಯೆಯ ಅರ್ಥವನ್ನು ಮಾಡುವವರಿಗೆ ತಿಳಿಸಬೇಕು. ಎಲ್ಲವೂ ವಿಧಿಪ್ರಕಾರ ನಡೆದುದನ್ನು ಕಂಡು, ಕೇಳಿದಾಗ ಹೇಳಲು ಸಿದ್ಧನಿರಬೇಕು. ಊರಿನಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ದೈವವು ಮಾಡುತ್ತಿದ್ದಿತು. ಪರಸ್ಥಳದಲ್ಲಿ ದೈವವಿಲ್ಲ. ಮೂರೂ ಕೆಲಸಗಳು ಆ ಒಬ್ಬನ ತಲೆಯ ಮೇಲೆ ಬೀಳುತ್ತವೆ. ಪರಸ್ಥಳದ ಲಗ್ನದ ಗುಟ್ಟೆಲ್ಲ ಇಲ್ಲಿಯೇ ಇದೆ.

ಊರು ಬಿಟ್ಟು ಹೋಗಿ ಲಗ್ನವಾಗುವುದು ಹೊಸ ಸಂಗತಿಯೇನೂ ಅಲ್ಲ. ಹರಕೆ ಹೊತ್ತವರು ತಿರುಪತಿಯಲ್ಲಿ ಮಾಂಗಲ್ಯ ಕಟ್ಟಿಸುವುದು ತಲೆತಲಾಂತರದ ಪದ್ಧತಿ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆದುಬಂದಿದ್ದು, ಹತ್ತು ಸಾವಿರಕ್ಕೂ ಮಿಕ್ಕಿದ ಜೋಡಿಗಳು ಅಲ್ಲಿ ಗೃಹಸ್ಥರಾಗಿದ್ದಾರೆ. ಕರ್ನಾಟಕ ಸರಕಾರದ ಮುಜರಾಯಿ ಇಲಾಖೆಯು 2020ರಲ್ಲಿ ದೊಡ್ಡ ದೇವಾಲಯಗಳಲ್ಲಿ "ಸಪ್ತಪದಿ" ಎಂಬ ಹೆಸರಿನ ಸಾಮೂಹಿಕ ವಿವಾಹದ ಯೋಜನೆಯನ್ನು ಹಾಕಿಕೊಂಡಿತು. ನಮ್ಮ ಭಾಗದ ಮಠಗಳ ಜಾತ್ರೆಗಳಲ್ಲಿ ಇಂಥ ಲಗ್ನಗಳನ್ನು ಕಾಣದವರಾರು? ಇವೆಲ್ಲ ಒಂದರ್ಥದಲ್ಲಿ ಪರಸ್ಥಳದ ಲಗ್ನಗಳೇ. ಆದರೆ ಇಲ್ಲಿ ಊರಿನ ದೈವದ ಜಾಗದಲ್ಲಿ ಕ್ಷೇತ್ರವು ನಿಲ್ಲುತ್ತದೆ. ಹೆಸರು ಬರೆಯಿಸುವಾಗಲೇ ವಯಸ್ಸು, ಒಪ್ಪಿಗೆಗಳ ವಿಚಾರಣೆಯಾಗುತ್ತದೆ. ವಹಿಯಲ್ಲಿ ದಾಖಲೆ ಉಳಿಯುತ್ತದೆ. ಪುರೋಹಿತನು ಅಲ್ಲಿ ಒಬ್ಬಂಟಿಯಲ್ಲ.

ಒಬ್ಬಂಟಿ ಪುರೋಹಿತನ ಕೈಗೆ ಎಲ್ಲವೂ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇಂಗ್ಲಂಡು-ಸ್ಕಾಟ್ಲಂಡುಗಳ ಗಡಿಯ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯ ಇತಿಹಾಸವು ಒಳ್ಳೆಯ ಉದಾಹರಣೆ. 1753ರಲ್ಲಿ ಇಂಗ್ಲಂಡಿನ ಪಾರ್ಲಿಮೆಂಟು ಗುಟ್ಟಿನ ಮದುವೆಗಳನ್ನು ತಡೆಯಲು ಕಾಯಿದೆಯೊಂದನ್ನು ಮಾಡಿತು. ಅದು ಸ್ಕಾಟ್ಲಂಡಿಗೆ ಅನ್ವಯಿಸಲಿಲ್ಲ. ಅಲ್ಲಿ ಇಬ್ಬರು ಸಾಕ್ಷಿಗಳ ಎದುರಿಗೆ "ನಾವು ಸತಿಪತಿಗಳು" ಎಂದರೆ ಸಾಕಾಗಿದ್ದಿತು. ಪರಿಣಾಮವೇನು? ತಂದೆತಾಯಿಗಳ ಒಪ್ಪಿಗೆಯಿಲ್ಲದ ತರುಣ ತರುಣಿಯರು ಗಾಡಿ ಕಟ್ಟಿಕೊಂಡು ಗಡಿ ದಾಟಿ ಮೊದಲು ಸಿಕ್ಕ ಹಳ್ಳಿಗೆ ಓಡತೊಡಗಿದರು. ಅಲ್ಲಿ ಮದುವೆ ಮಾಡಿಸುತ್ತಿದ್ದವರು ಪಾದ್ರಿಗಳಲ್ಲ, ಯಾರಾದರೂ ಸರಿ. ಕಮ್ಮಾರನ ಕುಲುಮೆಯೇ ಹಂದರ, ಅಡಿಗಲ್ಲೇ ಜಗುಲಿ ಎಂಬ ಕಥೆ ಲೋಕಪ್ರಸಿದ್ಧವಾಯಿತು. ಕೇಳುವವರಿಲ್ಲ, ತಿಳಿಸುವವರಿಲ್ಲ, ಕಾಸು ಕೊಟ್ಟರೆ ಲಗ್ನ. ಪ್ರೀತಿಸಿದವರಿಗೆ ಅದು ಬಿಡುಗಡೆಯಾಯಿತು. ಸಿರಿವಂತರ ಹುಡುಗಿಯರನ್ನು ಮರುಳು ಮಾಡಿ ಕರೆದೊಯ್ಯುವವರಿಗೂ ಅದೇ ದಾರಿಯಾಯಿತು. ಕೊನೆಗೆ 1856ರಲ್ಲಿ, ಇಬ್ಬರಲ್ಲಿ ಒಬ್ಬರಾದರೂ ಮೊದಲು 21 ದಿನ ಸ್ಕಾಟ್ಲಂಡಿನಲ್ಲಿ ನೆಲಸಿರಬೇಕೆಂಬ ನಿಯಮ ಬಂದಿತು. 1940ರಲ್ಲಿ ಇಂಥ ಮದುವೆಗಳೇ ನಿಂತುಹೋದವು. ನಮ್ಮ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ನೋಟೀಸು ಪ್ರಕಟವಾಗಿ 30 ದಿನ ಕಾಯಬೇಕು ಎಂದಿರುವುದನ್ನು ನೆನೆಯಬೇಕು. ಊರು ಮಾಡುತ್ತಿದ್ದ ವಿಚಾರಣೆಯನ್ನು ಕಾಯಿದೆಯು ತನ್ನ ರೀತಿಯಲ್ಲಿ ಮಾಡಲು ಯತ್ನಿಸಿದೆ. ಆ ಕಾಯುವಿಕೆಯೇ ಕೆಲವು ತರುಣರಿಗೆ ಸಂಕಟವನ್ನು ತರುತ್ತದೆಂಬ ದೂರೂ ಇದೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ಯಾರಾದರೊಬ್ಬರು ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ ಎಂಬುದು ನಿಶ್ಚಿತ.

ಈ ಪ್ರಶ್ನೆಗಳನ್ನು ಕೇಳದಿದ್ದರೆ, ವಿಧಿಗಳನ್ನು ಅರ್ಧಕ್ಕೆ ಬಿಟ್ಟರೆ ಹಾನಿ ಯಾರಿಗೆ? ಬಹುಮಟ್ಟಿಗೆ ಹೆಣ್ಣಿಗೇ. 1965ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣವು ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಒಬ್ಬನು ಮೊದಲ ಹೆಂಡತಿ ಬದುಕಿರುವಾಗಲೇ ಇನ್ನೊಬ್ಬಳ ಕೈ ಹಿಡಿದಿದ್ದನು. ಎರಡನೆಯ ಲಗ್ನದಲ್ಲಿ ಹೋಮವಾಗಲಿ ಸಪ್ತಪದಿಯಾಗಲಿ ನಡೆದಿರಲಿಲ್ಲ. ಅವನ್ನು ಬಿಡುವ ರೂಢಿಯಿತ್ತೆಂಬುದೂ ಸಿದ್ಧವಾಗಲಿಲ್ಲ. ವಿಧಿಪೂರ್ವಕವಾಗಿ ನಡೆಯದುದು ಲಗ್ನವೇ ಅಲ್ಲ, ಆದುದರಿಂದ ಎರಡು ಲಗ್ನವಾದ ಅಪರಾಧವೂ ಇಲ್ಲವೆಂದು ನ್ಯಾಯಾಲಯವು ತೀರ್ಪಿತ್ತು ಅವನನ್ನು ಬಿಟ್ಟಿತು. ವಿಚಾರ ಮಾಡಿರಿ: ಮೊದಲನೆಯವಳ ದೂರು ಬಿದ್ದುಹೋಯಿತು, ಎರಡನೆಯವಳು ಹೆಂಡತಿಯೇ ಅಲ್ಲವೆಂದಾಯಿತು, ಪಾರಾದವನು ಅವನೊಬ್ಬನೇ. 2024ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು ಮತ್ತೊಂದು ಪ್ರಕರಣದಲ್ಲಿ, ವಿಧಿಗಳು ನಡೆಯದೆ ಬರಿಯ ಪ್ರಮಾಣಪತ್ರ ಪಡೆದು ನೋಂದಾಯಿಸಿದ ಮಾತ್ರಕ್ಕೆ ಹಿಂದೂ ವಿವಾಹವು ಆಗುವುದಿಲ್ಲವೆಂದು ಹೇಳಿತು. ಹಾಡು ಕುಣಿತ ಊಟಗಳೇ ಮದುವೆಯಲ್ಲವೆಂದು ತರುಣರಿಗೆ ಬುದ್ಧಿಮಾತನ್ನೂ ಹೇಳಿತು. ನೋಂದಣಿಯು ಬೇಡವೆಂದು ಇದರ ಅರ್ಥವಲ್ಲ. 2006ರಲ್ಲಿ ಅದೇ ನ್ಯಾಯಾಲಯವು ಎಲ್ಲ ಮದುವೆಗಳ ನೋಂದಣಿಯು ಕಡ್ಡಾಯವಾಗಬೇಕೆಂದಿತ್ತು. ನೋಂದಣಿಯು ನಡೆದುದಕ್ಕೆ ಪುರಾವೆ. ನಡೆಸುವುದು ಮಾತ್ರ ವಿಧಿಯಿಂದಲೇ.

ಇಲ್ಲಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಿದರೆ ತಪ್ಪಾಗಲಾರದು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳಲ್ಲಿ ಒಂದು ಲಗ್ನವು ಕಡಲದಂಡೆಯ ವಸತಿಗೃಹವೊಂದರಲ್ಲಿ ಆಯಿತು. ಹಂದರ, ಹೂವು, ಅಡಿಗೆ, ವಾದ್ಯಗಳೊಂದಿಗೆ ಪುರೋಹಿತರನ್ನೂ ಗುತ್ತಿಗೆಯವರೇ ಒದಗಿಸಿದ್ದರು. ಅವರು ಬೇರೆ ಸೀಮೆಯವರು. ನಮ್ಮ ಮಾತು ಅವರಿಗೆ ಅರಿಯದು, ಅವರ ಮಾತು ನಮಗೆ ತಿಳಿಯದು. ಸಪ್ತಪದಿಯ ಹೊತ್ತಿಗೆ ಸೂರ್ಯನು ಕಡಲಿಗೆ ಇಳಿಯುತ್ತಿದ್ದನು. ಆ ಬೆಳಕು ಹೋದರೆ ಚಿತ್ರ ಬಾರದೆಂದು ಛಾಯಾಚಿತ್ರಕಾರನು ಅವಸರ ಮಾಡಿದನು. ನಾಲ್ಕು ಹೆಜ್ಜೆಯಾಗುವಷ್ಟರಲ್ಲಿ ವಧೂವರರನ್ನು ನೀರಿನ ಕಡೆಗೆ ಕರೆದರು. ಪುರೋಹಿತರೂ ಪುಸ್ತಕವನ್ನು ಮಡಚಿದರು. ಆಗ ಮೂಲೆಯಲ್ಲಿ ಕುಳಿತಿದ್ದ ವಧುವಿನ ಅಜ್ಜಿಯು ಕೋಲೂರಿ ಎದ್ದು ನಿಂತಳು.

"ಆಚಾರ್ರೇ, ಸ್ವಲ್ಪ ತಡೀರಿ. ನಾ ಎಣಸ್ಲಿಕ್ಕೆ ಹತ್ತೇನಿ. ನಾಕಽ ಹೆಜ್ಜಿ ಆಗ್ಯಾವ. ಇನ್ನೂ ಮೂರು ಬಾಕಿ ಅವ."

"ಅಜ್ಜೀ, ಬೆಳಕ ಹೋಗ್ತದ," ಎಂದು ಯಾರೋ ಅಂದರು.

"ಬೆಳಕ ನಾಳೆನೂ ಬರ್ತದಪಾ. ಈ ಹೆಜ್ಜಿ ನಾಳೆ ಬರಂಗಿಲ್ಲ."

ಎಲ್ಲರೂ ನಕ್ಕರು, ಆದರೆ ವಧೂವರರು ಮರಳಿ ಬಂದರು, ಉಳಿದ ಮೂರು ಹೆಜ್ಜೆಗಳನ್ನಿಟ್ಟರು. ಆ ಅಜ್ಜಿಯು ಕಾಯಿದೆಯ ಪುಸ್ತಕವನ್ನು ಕಂಡವಳಲ್ಲ. ಆದರೂ ಆ ದಿನ ಅಲ್ಲಿ ಪುರೋಹಿತನ ಕೆಲಸವನ್ನು ಮಾಡಿದವಳು ಅವಳೇ. ನಮ್ಮೂರಿನ ಇಡಿಯ ದೈವವು ಆ ಒಬ್ಬ ಮುದುಕಿಯ ರೂಪದಲ್ಲಿ ಅಲ್ಲಿ ಬಂದು ಕುಳಿತಿದ್ದಿತು ಎಂದು ನನಗೆ ಆಮೇಲೆ ತೋರಿತು. ವರ್ಷದ ಬಳಿಕ ಪರದೇಶದ ಕಾಗದಪತ್ರಗಳ ಸಲುವಾಗಿ ಲಗ್ನ ಮಾಡಿಸಿದವರ ಹೆಸರು ಬೇಕಾಯಿತು. ಅದು ಯಾರಿಗೂ ಗೊತ್ತಿರಲಿಲ್ಲ! ಗುತ್ತಿಗೆಯವರಲ್ಲಿ ಕೇಳಿದರೆ, ಅವರೂ ಬೇರೆಯವರಿಂದ ಕರೆಯಿಸಿದ್ದರಂತೆ. ನೂರಾರು ಚಿತ್ರಗಳಲ್ಲಿ ಆ ಪುರೋಹಿತರ ಮುಖವಿದ್ದಿತು. ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ.

ಅಜ್ಜಿಯ ಮಾತಿಗೆ ಶಾಸ್ತ್ರದ ಆಧಾರವೂ ಉಂಟು. ಮದುವೆಯಲ್ಲಿ ಆಯಾ ದೇಶದ, ಆಯಾ ಗ್ರಾಮದ ಆಚಾರಗಳು ನಾನಾ ಬಗೆಯವಾಗಿರುತ್ತವೆ, ಅವನ್ನು ಅನುಸರಿಸಬೇಕು ಎಂದು ಆಶ್ವಲಾಯನ ಗೃಹ್ಯಸೂತ್ರವು ವಿಧಿಸಿದೆ. ಆಪಸ್ತಂಬನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ಆಚಾರಗಳನ್ನು ಸ್ತ್ರೀಯರಿಂದ ಕೇಳಿ ತಿಳಿಯಬೇಕೆನ್ನುತ್ತಾನೆ. ಪರಸ್ಥಳದ ಪುರೋಹಿತನು ಮೊದಲು ಕಲಿಯಬೇಕಾದ ಪಾಠವಿದು. ತನ್ನ ಸೀಮೆಯ ಪದ್ಧತಿಯನ್ನು ಬಂದವರ ಮೇಲೆ ಹೇರದೆ, ಮನೆಯ ಹಿರಿಯ ಹೆಂಗಸರನ್ನು ಕರೆದು "ನಿಮ್ಮಲ್ಲಿ ಯಾವುದು ಮೊದಲು, ಯಾವುದು ಆಮೇಲೆ?" ಎಂದು ಕೇಳಬೇಕು. ಎಲ್ಲ ಹಿಂದೂಗಳಲ್ಲಿಯೂ ಸಪ್ತಪದಿಯಿಲ್ಲ. ಯಾರ ರೂಢಿಯಲ್ಲಿ ಏನಿದೆಯೋ ಅದೇ ಅವರ ಲಗ್ನದ ಜೀವಾಳ. ಪಂಚಕಳಶವನ್ನಿಟ್ಟು ಲಗ್ನ ಮಾಡುವವರ ಮನೆಗೆ ಅದನ್ನರಿಯದ ಪುರೋಹಿತನು ಬಂದರೆ, ಕ್ರಿಯೆಗಳೆಷ್ಟೋ ನಡೆದರೂ ಅವರ ಲಗ್ನವು ನಡೆದಂತಾಗಲಿಲ್ಲ.

ಇನ್ನು ತಿಳಿಸುವ ಕೆಲಸ. ಸಪ್ತಪದಿಯ ಹೆಜ್ಜೆಗಳಲ್ಲಿ ಅನ್ನ, ಬಲ, ಸಂಪತ್ತು, ಸುಖ, ಸಂತಾನ, ಋತುಗಳ ಅನುಕೂಲ್ಯ, ಇವುಗಳ ಹಾರೈಕೆಯಾಗಿ ಏಳನೆಯದು ಸಖ್ಯಕ್ಕಾಗಿ ಇಡುವ ಹೆಜ್ಜೆ. ಎಂಥ ಸುಂದರವಾದ ಭಾವನೆ! ಕಾಯಿದೆಯ ಕಣ್ಣಿನಲ್ಲಿ ಲಗ್ನವು ಪೂರ್ಣವಾಗುವುದು ಗೆಳೆತನದ ಹೆಜ್ಜೆಯಲ್ಲಿ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ವಧೂವರರು ಬಲ್ಲರು? ಅರ್ಥವನ್ನರಿಯದೆ ಒಪ್ಪಿದ ಮಾತು ಒಪ್ಪಿಗೆಯಾದೀತೆ? ಈ ಕೊರತೆಯನ್ನು ಕಂಡೇ ಹಲವರು ಬೇರೆ ದಾರಿಗಳನ್ನು ಹುಡುಕಿದರು. 1873ರಲ್ಲಿ ಜೋತಿಬಾ ಫುಲೆಯವರು ಪುಣೆಯಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜವು ಬ್ರಾಹ್ಮಣ ಪುರೋಹಿತರಿಲ್ಲದ ಮದುವೆಗಳನ್ನು ನಡೆಸಿತು. ಮದರಾಸು ರಾಜ್ಯವು 1967ರಲ್ಲಿ ಹಿಂದೂ ವಿವಾಹ ಕಾಯಿದೆಗೆ ತಿದ್ದುಪಡಿ ತಂದು, ಬಂಧುಮಿತ್ರರ ಎದುರಿಗೆ ತಮಗೆ ತಿಳಿಯುವ ಭಾಷೆಯಲ್ಲಿ ಘೋಷಿಸಿ, ಮಾಲೆ ಹಾಕಿಯೋ ಉಂಗುರ ತೊಡಿಸಿಯೋ ತಾಳಿ ಕಟ್ಟಿಯೋ ಆದ ಮದುವೆಗೆ ಮಾನ್ಯತೆಯನ್ನಿತ್ತಿತು. ನಮ್ಮಲ್ಲಿ ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು "ಮಂತ್ರ ಮಾಂಗಲ್ಯ"ದ ಪದ್ಧತಿಯಲ್ಲಿ ನಡೆಸಿದರು. ಅದರಲ್ಲಿ ಪುರೋಹಿತನಿಲ್ಲ, ಹಿರಿಯರೊಬ್ಬರು ಕನ್ನಡದಲ್ಲಿ ಉಪದೇಶವನ್ನು ಓದುತ್ತಾರೆ, ವಧೂವರರು ತಿಳಿದು ಒಪ್ಪುತ್ತಾರೆ. ಪುರೋಹಿತನು ಹೋದರೂ ಅವನ ಮೂರು ಕೆಲಸಗಳು ಹೋಗಲಿಲ್ಲ. ಅವು ಹಿರಿಯರ ಕೈಗೆ ಬಂದವು ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಆಸ್ಟ್ರೇಲಿಯದಲ್ಲಿ 1973ರಿಂದ ಈ ಕೆಲಸಕ್ಕೆಂದೇ ಪಾದ್ರಿಗಳಲ್ಲದ ಸಾಮಾನ್ಯ ನಾಗರಿಕರನ್ನು ಸರಕಾರವು ನೇಮಿಸುತ್ತ ಬಂದಿದೆ. ಅವರು ತೋಟದಲ್ಲಿಯೋ ಕಡಲದಂಡೆಯಲ್ಲಿಯೋ ಮದುವೆ ಮಾಡಿಸಬಹುದು. ಆದರೆ ಕನಿಷ್ಠ ಒಂದು ತಿಂಗಳ ಮುಂಚೆ ನೋಟೀಸು ಪಡೆಯಬೇಕು, ಇಬ್ಬರ ಒಪ್ಪಿಗೆಯೂ ನಿಜವಾದುದೆಂದು ಮನಗಾಣಬೇಕು, ವಿವಾಹವೆಂದರೇನೆಂಬುದನ್ನು ಕಾಯಿದೆಯ ಮಾತುಗಳಲ್ಲಿ ಎಲ್ಲರೆದುರು ಸಾರಬೇಕು. ಸ್ಥಳ ಯಾವುದಾದರೂ ಆಗಲಿ, ಹೊಣೆ ಸಡಿಲಾಗಬಾರದೆಂಬುದೇ ಇದರ ತಿರುಳು. ನಮ್ಮ ಕಾಯಿದೆಯೂ ಪುರೋಹಿತನನ್ನು ಪೂರ್ತಿ ಬಿಟ್ಟಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆಯನ್ನು ಮಾಡಿಸಿದವನಿಗೆ ಎರಡು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. "ನನಗೆ ತಿಳಿಯದು, ಕರೆದರು ಬಂದೆ" ಎಂದು ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ.

ಇದೆಲ್ಲದರಿಂದ ತಿಳಿದುಬರುವುದೇನು? ಪರಸ್ಥಳದ ಲಗ್ನವು ತಪ್ಪಲ್ಲ. ಖರ್ಚಿನ ಮಾತು ಬೇರೆ. ಕಡಲಿನ ಎದುರಿಗೆ ಕೈಹಿಡಿಯಬೇಕೆಂಬ ತರುಣರ ಆಸೆಯನ್ನು ಹಳಿಯುವುದು ನನ್ನ ಇಚ್ಛೆಯಲ್ಲ. ಆದರೆ ಹೊರಡುವ ಮುನ್ನ ನಾಲ್ಕು ಕೆಲಸಗಳನ್ನು ಮಾಡುವುದು ಲೇಸು. ಪುರೋಹಿತರನ್ನು ಗುತ್ತಿಗೆಯ ಸಾಮಾನುಗಳಲ್ಲಿ ಒಂದಾಗಿ ಎಣಿಸದೆ, ವಧೂವರರು ತಾವೇ ಮೊದಲು ಅವರನ್ನು ಕಂಡು ಮಾತಾಡಬೇಕು. ಮನೆಯ ರೂಢಿಗಳನ್ನು ಹಿರಿಯರಿಂದ ಕೇಳಿ ಬರೆದು ಅವರಿಗೆ ಕೊಡಬೇಕು. ಪ್ರತಿಯೊಂದು ಮುಖ್ಯ ಕ್ರಿಯೆಯ ಅರ್ಥವನ್ನು ಕನ್ನಡದಲ್ಲಿ ಹೇಳಿಸಬೇಕು. ಲಗ್ನ ಮುಗಿದೊಡನೆ ಅವರ ಹೆಸರು, ಊರು, ಸಹಿಗಳನ್ನೂ, ಮೂವರು ಸಾಕ್ಷಿಗಳ ಹೆಸರನ್ನೂ ಬರೆದಿಟ್ಟು, ತಡಮಾಡದೆ ನೋಂದಣಿ ಮಾಡಿಸಬೇಕು. ಪರದೇಶದಲ್ಲಿ ಲಗ್ನವಾಗುವ ಭಾರತೀಯರಿಗೆ 1969ರ ವಿದೇಶೀ ವಿವಾಹ ಕಾಯಿದೆಯು ನಮ್ಮ ರಾಯಭಾರ ಕಚೇರಿಗಳಲ್ಲಿ ವಿವಾಹಾಧಿಕಾರಿಗಳನ್ನು ಒದಗಿಸಿದೆ. ಅದರ ಲಾಭವನ್ನು ಪಡೆಯಬಹುದು.

ಹಂದರವನ್ನು ಎಲ್ಲಿ ಬೇಕಾದರೂ ಹಾಕಬಹುದು. ದೈವವನ್ನು ಮಾತ್ರ ಮನೆಯಿಂದಲೇ ಕರೆದೊಯ್ಯಬೇಕು. ಅದು ಬಾರದಿದ್ದಲ್ಲಿ ಕೇಳುವ, ತಿಳಿಸುವ, ನೆನಪಿನಲ್ಲಿಡುವ ಒಬ್ಬ ಒಳ್ಳೆಯ ಪುರೋಹಿತನಾದರೂ ಇರಲಿ. ಅವನೂ ದೊರೆಯದಿದ್ದರೆ, ಹೆಜ್ಜೆ ಎಣಿಸುವ ಒಬ್ಬ ಅಜ್ಜಿಯನ್ನಾದರೂ ಮರೆಯದೆ ಕರೆದುಕೊಂಡು ಹೋಗಿರೆಂದು ನನ್ನ ಮಿತ್ರರಲ್ಲಿ ವಿನಂತಿ.